ಪಾಂಜನೆಲ್ಲಾ: ತಂಗಳು ಬ್ರೆಡ್ಡಿನ ಸಲಾಡ್

ಇಟಲಿಯ ಟಸ್ಕನಿ ಪ್ರಾಂತ್ಯದಲ್ಲಿ ಬೇಸಿಗೆ ಬಂತೆಂದರೆ ಪಾಂಜನೆಲ್ಲಾ ಎಂಬ ಸಲಾಡ್ ಮನೆಮನೆಯ ಊಟದಲ್ಲಿ ಕಾಣಿಸಿಕೊಳ್ಳುತ್ತದೆ. ಇಟಲಿಯಾಚೆಯ ಹೋಟೆಲುಗಳಲ್ಲಿ ಬ್ರೆಡ್ ತುಂಡುಗಳನ್ನು ಎಣ್ಣೆಯಲ್ಲಿ ಗರಿಗರಿಯಾಗಿ ಹುರಿದು, ಟೊಮೆಟೊ ಮೇಲೆ ಉದುರಿಸಿ ಇದೇ ಹೆಸರಿನಲ್ಲಿ ಬಡಿಸುವುದುಂಟು. ಅದು ರುಚಿಯಾಗಿಯೇ ಇರುತ್ತದೆ, ಆದರೆ ನನ್ನ ಮಟ್ಟಿಗೆ ಅದು ಬೇರೆಯೇ ತಿನಿಸು; ಪಾಂಜನೆಲ್ಲಾದಲ್ಲಿ ಬ್ರೆಡ್ಡನ್ನು ನೆನೆಸಲೇಬೇಕು.

ಟಸ್ಕನಿಯ ಸಾಂಪ್ರದಾಯಿಕ ಬ್ರೆಡ್ಡಿಗೆ ಉಪ್ಪು ಹಾಕುವುದಿಲ್ಲ. ಟಸ್ಕನಿಯದೇ ಆದ ಪೀಸಾ ನಗರದವರು ಎದುರಾಳಿ ನಗರವಾದ ಫ್ಲಾರೆನ್ಸಿಗೆ ಉಪ್ಪು ಸಾಗದಂತೆ ತಡೆದದ್ದೇ ಇದಕ್ಕೆ ಕಾರಣವೆಂಬ ಕಥೆಯಿದೆ. ಉಪ್ಪಿನ ತೆರಿಗೆಯೇ ಕಾರಣವೆನ್ನುವವರೂ ಇದ್ದಾರೆ. ಗೋಧಿಹಿಟ್ಟು, ನೀರು ಮತ್ತು ಹುಳಿಹಿಟ್ಟಿನ ಹೆಪ್ಪು ಸೇರಿಸಿ ಮಾಡುವ ಈ ಬ್ರೆಡ್ಡಿಗೆ 2016ರಲ್ಲಿ ಐರೋಪ್ಯ ಒಕ್ಕೂಟದ ಮೂಲಸ್ಥಾನ ರಕ್ಷಣೆಯ ಮಾನ್ಯತೆ, ಅಂದರೆ ಆ ಪ್ರಾಂತ್ಯದಲ್ಲಿ ಮಾಡಿದ್ದಕ್ಕೆ ಮಾತ್ರ ಆ ಹೆಸರು ಸಲ್ಲುವ ರಕ್ಷಣೆ, ದೊರೆಯಿತು. ಬ್ರೆಡ್ ಗಟ್ಟಿಯಾಗುವುದಕ್ಕೆ ನೀರು ಆರುವುದೊಂದೇ ಕಾರಣವಲ್ಲ. ಬೇಯುವಾಗ ಸಡಿಲಗೊಂಡ ಪಿಷ್ಟವು ತಣಿದ ಮೇಲೆ ಮತ್ತೆ ಒತ್ತಾಗಿ ಕೂಡಿಕೊಳ್ಳುವುದರಿಂದಲೂ ಅದು ಬಿರುಸಾಗುತ್ತದೆ. ಹೀಗೆ ಬಿರುಸಾದ ಬ್ರೆಡ್ಡೇ ನೀರಿಗೆ ಬಿದ್ದರೂ ಕರಗಿ ಹೋಗದೆ ನಿಲ್ಲುತ್ತದೆ. ನಮ್ಮ ಅಂಗಡಿಗಳಲ್ಲಿ ಸಿಗುವ ಮೆತ್ತನೆಯ ಸಿಹಿ ಬ್ರೆಡ್ ಇದಕ್ಕೆ ಒಗ್ಗುವುದಿಲ್ಲ, ಅಂಟಂಟಾಗಿ ಮುದ್ದೆಯಾಗುತ್ತದೆ.

ಬ್ರೆಡ್ಡಿನ ದಪ್ಪ ಹೋಳುಗಳನ್ನು ತುಸು ವಿನೆಗರ್ ಬೆರೆಸಿದ ತಣ್ಣೀರಿನಲ್ಲಿ ನೆನೆಸಿ, ಒಳಗಿನ ಗಂಟು ಮೆತ್ತಗಾದೊಡನೆ ಹೊರತೆಗೆದು, ಎರಡೂ ಅಂಗೈಗಳ ನಡುವೆ ನೀರೆಲ್ಲ ಸೋರಿಹೋಗುವವರೆಗೆ ಬಲವಾಗಿ ಹಿಂಡಬೇಕು. ಕೈಯಲ್ಲಿ ಉಳಿಯುವ ಉಂಡೆಯನ್ನು ಬೆರಳ ತುದಿಯಿಂದ ಬಿಡಿಸಿದರೆ ಅದು ಉದುರುದುರಾಗಿ ಪಾತ್ರೆಗೆ ಬೀಳಬೇಕು. ಬೆರಳಿಗೆ ಮೆತ್ತಿಕೊಂಡರೆ ಹಿಂಡಿದ್ದು ಸಾಲದೆಂದು ತಿಳಿಯಬೇಕು. ಇದಕ್ಕೆ ತೆಳ್ಳಗೆ ಹೆಚ್ಚಿದ ಕೆಂಪು ಈರುಳ್ಳಿ, ಕಳಿತ ಟೊಮೆಟೊ, ಕೈಯಿಂದ ಹರಿದ ಬೇಸಿಲ್ ಎಲೆ, ಉಪ್ಪು, ವಿನೆಗರ್, ಧಾರಾಳವಾಗಿ ಆಲಿವ್ ಎಣ್ಣೆ ಸೇರಿಸಿ ತಂಪಾದ ಕಡೆ ಒಂದು ಗಂಟೆಯಾದರೂ ಇಟ್ಟರೆ ರಸವೆಲ್ಲ ಬ್ರೆಡ್ಡಿಗೆ ಹಿಡಿಯುತ್ತದೆ. ಬ್ರೆಡ್ಡೇ ಸಪ್ಪೆಯಾದ್ದರಿಂದ ಉಪ್ಪಿಗೆ ಕೈ ಬಿಗಿಹಿಡಿಯಬಾರದು.

ಇಂದು ಟೊಮೆಟೊ ಇಲ್ಲದ ಪಾಂಜನೆಲ್ಲಾವನ್ನು ಊಹಿಸುವುದೇ ಕಷ್ಟ, ಆದರೆ ಟೊಮೆಟೊ ಅಮೆರಿಕ ಖಂಡದಿಂದ ಬಂದದ್ದು, ಇಟಲಿಯ ಅಡುಗೆಮನೆಗೆ ಅದು ಒಗ್ಗಲು ಬಹಳ ಕಾಲ ಹಿಡಿಯಿತು. ಫ್ಲಾರೆನ್ಸನ್ನು ಆಳುತ್ತಿದ್ದ ಮೆಡಿಚಿ ಮನೆತನದ ಆಸ್ಥಾನ ಚಿತ್ರಕಾರನಾಗಿದ್ದ ಬ್ರೊಂಜಿನೊ (1503–1572) ಈರುಳ್ಳಿಯನ್ನು ಹೊಗಳಿ ಬರೆದ ಪದ್ಯದಲ್ಲಿ ಬ್ರೆಡ್ಡಿನ ಜೊತೆಗೆ ಸಣ್ಣಗೆ ಹೆಚ್ಚಿದ ಈರುಳ್ಳಿ, ಸೌತೆಕಾಯಿ, ನಮ್ಮ ಹೊಲಗಳ ಬದಿಯಲ್ಲೂ ಬೆಳೆಯುವ ದೊಡ್ಡಗೋಣಿ ಸೊಪ್ಪು ಬರುತ್ತವೆ, ಟೊಮೆಟೊದ ಸುಳಿವಿಲ್ಲ. ಸೌತೆಕಾಯಿ ಹಾಕಬೇಕೋ ಬೇಡವೋ ಎಂಬ ಬಗ್ಗೆ ಟಸ್ಕನಿಯವರಲ್ಲಿ ಈಗಲೂ ಒಮ್ಮತವಿಲ್ಲ. ಬ್ರೊಂಜಿನೊನ ಸಾಕ್ಷ್ಯವಿರುವುದರಿಂದ ನಾನಂತೂ ಧೈರ್ಯವಾಗಿ ಹಾಕುತ್ತೇನೆ.