ಲಾಲ್‌ಬಾಗ್ ಬ್ರಿಟಿಷರು ಮಾಡಿದ್ದಾ?

ಊರಿಂದ ಬಂದ ನೆಂಟರನ್ನು ಲಾಲ್‌ಬಾಗ್‌ಗೆ ಕರೆದುಕೊಂಡು ಹೋದಾಗಲೆಲ್ಲ ಗಾಜಿನ ಮನೆ ಮುಂದೆ ಈ ಪ್ರಶ್ನೆ ಬಂದೇ ಬರುತ್ತದೆ: "ಇದೆಲ್ಲ ಬ್ರಿಟಿಷರು ಮಾಡಿದ್ದಲ್ವಾ?"

ಗಾಜಿನ ಮನೆ ಅವರ ಕಾಲದ್ದೇ. 1889ರಲ್ಲಿ ಅದಕ್ಕೆ ಅಡಿಗಲ್ಲು ಹಾಕಿದ್ದು ಇಂಗ್ಲೆಂಡಿನ ರಾಜಕುಮಾರ ಆಲ್ಬರ್ಟ್ ವಿಕ್ಟರ್. ಆದರೆ ತೋಟ ಅದಕ್ಕಿಂತ ಬಹಳ ಹಳೆಯದು.

1760ರಲ್ಲಿ ಹೈದರ್ ಅಲಿ ಇದನ್ನು ಶುರು ಮಾಡಿದಾಗ ಬೆಂಗಳೂರು ಅಂದರೆ ಕೋಟೆ ಮತ್ತು ಪೇಟೆ, ಅಷ್ಟೇ. ಇದು ಊರಾಚೆ ಇದ್ದ ದೊರೆಯ ಸ್ವಂತ ತೋಟ. ಮಗ ಟಿಪ್ಪು ಇದನ್ನು ಬೆಳೆಸಿದ, ದೂರದ ದೇಶಗಳಿಂದ ಗಿಡ ತರಿಸಿ ನೆಡಿಸಿದ. ಅವನು ಸತ್ತ ಮರುವರ್ಷ, 1800ರಲ್ಲಿ, ಫ್ರಾನ್ಸಿಸ್ ಬುಕನನ್ ಎಂಬ ವೈದ್ಯ ಇಲ್ಲೆಲ್ಲ ಓಡಾಡಿ, ಕಂಡದ್ದನ್ನು ಬರೆದಿಟ್ಟಿದ್ದಾನೆ. ನೆಲವನ್ನು ಚೌಕ ಚೌಕವಾಗಿ ಭಾಗ ಮಾಡಿದ್ದರಂತೆ. ನಡುವೆ ಕಾಲುದಾರಿ, ದಾರಿಯ ಬದಿಗೆ ಸೈಪ್ರೆಸ್ ಮರಗಳ ಸಾಲು. ಒಂದು ಜಾತಿ ಗಿಡಕ್ಕೆ ಒಂದು ಚೌಕ. ಒಂದರ ತುಂಬ ಬರೀ ಗುಲಾಬಿ, ಇನ್ನೊಂದರ ತುಂಬ ಬರೀ ದಾಳಿಂಬೆ.

ನನಗಂತೂ ಗಾಜಿನ ಮನೆಗಿಂತ ಆ ದಾಳಿಂಬೆ ಚೌಕದ ಮೇಲೇ ಪ್ರೀತಿ ಜಾಸ್ತಿ. ಅದು ಎಲ್ಲಿತ್ತೋ ಅಂತ ಈಗಲೂ ಹುಡುಕುತ್ತಾ ನಡೆಯುತ್ತೇನೆ.

ಆಮೇಲೆ ತೋಟ ಈಸ್ಟ್ ಇಂಡಿಯಾ ಕಂಪನಿಯವರ ಕೈ ಸೇರಿತು. ಸ್ವಲ್ಪ ಕಾಲ ಕಲ್ಕತ್ತಾದ ಸಸ್ಯತೋಟದ ಸುಪರ್ದಿಯಲ್ಲೂ ಇತ್ತು. ನಿಜವಾದ ತಿರುವು ಬಂದದ್ದು 1856ರಲ್ಲಿ, ಇದು ಸರ್ಕಾರಿ ಸಸ್ಯತೋಟ ಆದಾಗ. ಒಬ್ಬ ದೊರೆಗಾಗಿ ಹಣ್ಣು ಬಿಡುತ್ತಿದ್ದ ನೆಲದಿಂದ ನಾಡಿಗೆಲ್ಲ ಸಸಿ ಹೋಗುವಂತಾಯಿತು. ಬ್ರಿಟಿಷ್ ತೋಟಗಾರ ಜಾನ್ ಕ್ಯಾಮರಾನ್ 1874ರಿಂದ 34 ವರ್ಷ ಇದನ್ನು ನೋಡಿಕೊಂಡ. 1908ರಲ್ಲಿ ಜರ್ಮನಿಯ ಕ್ರುಂಬಿಗಲ್ ಬಂದರು. 1932ರಲ್ಲಿ ನಮ್ಮವರೇ ಆದ ಎಚ್.ಸಿ. ಜವರಾಯರು ಹೊಣೆ ಹೊತ್ತರು. ಸುಮಾರು 40 ಎಕರೆಯಿಂದ ಶುರುವಾದ ತೋಟ ಇವತ್ತು 240 ಎಕರೆ.

ಹಾಗಾಗಿ "ಬ್ರಿಟಿಷರು ಮಾಡಿದ್ದು" ಅಂದರೆ ನಾನು ಸುಮ್ನೆ ಬಿಡುವುದಿಲ್ಲ. ಅವರು ಸೇರಿಸಿದ್ದನ್ನೂ ಮುಚ್ಚಿಡುವುದಿಲ್ಲ. ನಾವು ತಿನ್ನುವ ಸೀಮೆಬದನೆಕಾಯನ್ನು ಇಲ್ಲಿ ಬೆಳೆಸಿ ಹರಡಿದ್ದು ಇದೇ ಕ್ಯಾಮರಾನ್. ತಮಿಳರು ಇವತ್ತಿಗೂ ಅದನ್ನು 'ಬೆಂಗಳೂರು ಕತ್ತರಿಕ್ಕಾಯ್' ಅಂತಲೇ ಕರೆಯುತ್ತಾರೆ. ತಿಳಿ ಹಸಿರು, ಸುಕ್ಕು ಸುಕ್ಕು ಮೈ, ಹೆಚ್ಚುವಾಗ ಕೈಗೆ ಅಂಟುವ ಸೊನೆ.

ಪ್ರಶ್ನೆ ಕೇಳಿದ ನೆಂಟರಿಗೆ ಅವತ್ತು ರಾತ್ರಿ ನಮ್ಮನೆಯಲ್ಲಿ ಅದರದ್ದೇ ಹುಳಿ.