ಕಿವಿಗೊಟ್ಟು ಕಾದ ಹದಿನೆಂಟು ತಿಂಗಳು

1981ರಲ್ಲಿ ನಾನು ಈ ತರಬೇತಿ ಕೇಂದ್ರಕ್ಕೆ ಸೇರಿದಾಗ ಎ.ಎನ್.ಎಂ., ಅಂದರೆ ಸಹಾಯಕ ದಾದಿ ಮತ್ತು ಸೂಲಗಿತ್ತಿ, ಕೋರ್ಸಿನ ಅವಧಿ 18 ತಿಂಗಳು. ನಮಗಿಂತ ಹಿಂದಿನ ಅಕ್ಕಂದಿರು ಎರಡು ವರ್ಷ ಕಲಿತು ಹೋಗಿದ್ದರು. ಕರ್ತಾರ್ ಸಿಂಗ್ ಸಮಿತಿಯ 1973ರ ವರದಿಯ ನಂತರ ಹೆರಿಗೆ ಮಾಡಿಸುವವಳನ್ನು ಸರ್ಕಾರ ವಿವಿಧೋದ್ದೇಶ ಕಾರ್ಯಕರ್ತೆಯನ್ನಾಗಿ ಮಾಡಿತು. ಲಸಿಕೆ, ಮಲೇರಿಯಾ, ಕುಟುಂಬ ಯೋಜನೆ ಎಂದು ಕೆಲಸಗಳು ಹೆಚ್ಚಿದವು, ಕಲಿಕೆಯ ಅವಧಿ ಮಾತ್ರ ಕಡಿಮೆಯಾಯಿತು. ನಮ್ಮ ಟ್ಯೂಟರ್ ಮೇಡಂ ಅವರಿಗೆ ಇದು ಕೊನೆಯವರೆಗೂ ಒಪ್ಪಿಗೆಯಾಗಲಿಲ್ಲ. ಪಠ್ಯಕ್ರಮದಲ್ಲಿ ಏನೇ ಇರಲಿ, ಸಂಜೆ ಊಟಕ್ಕೆ ಮುಂಚಿನ ಒಂದು ಗಂಟೆಯನ್ನು ಅವರು ಹೆರಿಗೆಯ ಪಾಠಕ್ಕೆಂದೇ ಮೀಸಲಿಟ್ಟಿದ್ದರು.

ಮೊದಲ ವಾರವೇ ನಮ್ಮ ಕೈಗೆ ಬಂದದ್ದು ಹೊಟ್ಟೆಯಲ್ಲಿರುವ ಮಗುವಿನ ಎದೆಬಡಿತ ಕೇಳುವ ಫೀಟೋಸ್ಕೋಪು. ಕಹಳೆಯ ಆಕಾರದ, ಒಂದು ಗೇಣಿಗಿಂತ ಚಿಕ್ಕದಾದ ಅಲ್ಯೂಮಿನಿಯಂ ಕೊಳವೆ ಅದು. ಫ್ರಾನ್ಸಿನ ಅಡಾಲ್ಫ್ ಪಿನಾರ್ಡ್ ಎಂಬ ವೈದ್ಯರು 1895ರಲ್ಲಿ ರೂಪಿಸಿದ ಈ ಸಲಕರಣೆ ಮೊದಲು ಮರದ್ದಾಗಿತ್ತಂತೆ. ಚಳಿಗಾಲದಲ್ಲಿ ಅದನ್ನು ಅಂಗೈಯಲ್ಲಿ ಉಜ್ಜಿ ಬೆಚ್ಚಗೆ ಮಾಡದೆ ಬಸುರಿಯ ಹೊಟ್ಟೆಗೆ ಮುಟ್ಟಿಸಿದರೆ ಮೇಡಂ ಎಲ್ಲರೆದುರು ಗದರುತ್ತಿದ್ದರು. ಮೊದಲು ಮಗುವಿನ ಬೆನ್ನು ಯಾವ ಕಡೆಗಿದೆಯೆಂದು ಎರಡೂ ಕೈಗಳಿಂದ ಸವರಿ ತಿಳಿಯಬೇಕು. ಆಮೇಲೆ ಅಗಲವಾದ ಬಾಯನ್ನು ಆ ಜಾಗದಲ್ಲಿಟ್ಟು, ಕಿರಿದಾದ ತುದಿಗೆ ಕಿವಿಯೊತ್ತಿ, ಕೊಳವೆಯಿಂದ ಕೈ ಬಿಡಬೇಕು. ಬೆರಳು ತಗುಲಿದರೂ ಸರಬರ ಸದ್ದು ಬರುತ್ತದೆ. ಬಿಡುವಾದ ಕೈಯಲ್ಲಿ ತಾಯಿಯ ನಾಡಿ ಹಿಡಿದಿರಬೇಕು, ಏಕೆಂದರೆ ಗಾಬರಿಯಲ್ಲಿ ತಾಯಿಯ ರಕ್ತನಾಳದ ಬಡಿತವನ್ನೇ ಮಗುವಿನದೆಂದು ಎಣಿಸಿಬಿಡುವುದುಂಟು. ನಿಮಿಷಕ್ಕೆ 120ರಿಂದ 160 ಸರಿ ಎಂದು ಆಗ ಕಲಿತೆವು. ಕೆಳಗಿನ ಮಿತಿ 110 ಆದದ್ದು ಆಮೇಲೆ. ಮೊದಲ ಹತ್ತು ದಿನ ನನಗೆ ಏನೂ ಕೇಳಿಸಲಿಲ್ಲ. ಹನ್ನೊಂದನೆಯ ದಿನ, ದಿಂಬಿನಡಿ ಇಟ್ಟ ಕೈಗಡಿಯಾರದಂತೆ, ದೂರದಲ್ಲಿ ಟಿಕ್ ಟಿಕ್ ಎಂದಿತು. ಆ ಬಡಿತವನ್ನು ಪೂರ್ತಿ ಒಂದು ನಿಮಿಷ ಎಣಿಸಿ ತಲೆಯೆತ್ತಿದಾಗ ನನ್ನ ಕಣ್ಣು ತುಂಬಿತ್ತು.

ಮೇಡಂ ಹೇಳುತ್ತಿದ್ದ ಒಂದು ಮಾತು ಮುಂದೆ ನನ್ನ ನೌಕರಿಯುದ್ದಕ್ಕೂ ಜೊತೆಗೆ ಬಂತು: "ಹೊಲ ಕಾಯೋನು ಸುಮ್ಮನೆ ಕೂತಿರ್ತಾನೇನಮ್ಮ? ನೀವು ಕಾಯೋದೂ ಹಾಗೇ ಇರಬೇಕು." ಹೆರಿಗೆಯನ್ನು ಅವಸರಪಡಿಸಬಾರದೆಂಬುದು ಚರಕನ ಕಾಲಕ್ಕೇ ತಿಳಿದಿತ್ತೆಂದು ಅವರು ಸಂಹಿತೆಯ ಶಾರೀರಸ್ಥಾನವನ್ನು ತೋರಿಸಿ ವಿವರಿಸುತ್ತಿದ್ದರು. ಬೇನೆ ಬಾರದೆ ಮುಕ್ಕಿರಿದರೆ ಆ ಶ್ರಮವೆಲ್ಲ ವ್ಯರ್ಥವೆಂದೂ, ಬಾಣಂತಿಯ ಕೋಣೆಯಲ್ಲಿ ಹಲವು ಸಲ ಹೆತ್ತು ಅನುಭವವಿರುವ, ಅಕ್ಕರೆಯ ಹೆಂಗಸರಿರಬೇಕೆಂದೂ ಅಲ್ಲಿ ಬರೆದಿದೆ. ಆದರೆ ಅದೇ ಉಸಿರಿನಲ್ಲಿ ಮೇಡಂ ನಮ್ಮನ್ನು ವಿಯೆನ್ನಾ ನಗರಕ್ಕೂ ಕರೆದೊಯ್ಯುತ್ತಿದ್ದರು. ಅಲ್ಲಿನ ದೊಡ್ಡಾಸ್ಪತ್ರೆಯಲ್ಲಿ ಎರಡು ಹೆರಿಗೆ ವಿಭಾಗಗಳಿದ್ದವು. ಒಂದರಲ್ಲಿ ವೈದ್ಯ ವಿದ್ಯಾರ್ಥಿಗಳು, ಇನ್ನೊಂದರಲ್ಲಿ ಸೂಲಗಿತ್ತಿಯಾಗಲು ಕಲಿಯುತ್ತಿದ್ದ ಹೆಂಗಸರು. 1846ರಲ್ಲಿ ಮೊದಲನೆಯದರಲ್ಲಿ 100ಕ್ಕೆ 11 ತಾಯಂದಿರು ಸತ್ತರೆ ಎರಡನೆಯದರಲ್ಲಿ 3ಕ್ಕಿಂತ ಕಡಿಮೆ. ವಿದ್ಯಾರ್ಥಿಗಳು ಹೆಣ ಕೊಯ್ದ ಕೈಯಲ್ಲೇ ಹೆರಿಗೆ ಕೋಣೆಗೆ ಬರುತ್ತಿದ್ದರೆಂಬುದನ್ನು ಅಲ್ಲಿನ ವೈದ್ಯ ಇಗ್ನಾಜ್ ಸೆಮ್ಮೆಲ್ವೈಸ್ ಗುರುತಿಸಿ, 1847ರಲ್ಲಿ ಕ್ಲೋರಿನ್ ಸುಣ್ಣದ ನೀರಿನಲ್ಲಿ ಕೈ ತೊಳೆಯುವ ನಿಯಮ ತಂದರು. ಏಪ್ರಿಲ್‌ನಲ್ಲಿ ಶೇ 18ನ್ನು ಮೀರಿದ್ದ ಸಾವು ಜೂನ್ ವೇಳೆಗೆ ಶೇ 2ರ ಆಸುಪಾಸಿಗೆ ಇಳಿಯಿತು. ಈ ಕಥೆ ಮುಗಿದ ಮೇಲೆ ನಾವೆಲ್ಲ ಸಾಲಾಗಿ ನಿಂತು ಮೊಣಕೈವರೆಗೆ ಕೈ ತೊಳೆಯಬೇಕಿತ್ತು, ಉಗುರಿನ ಸಂದಿಗೆ ಬ್ರಷ್ ಹಾಕಿ.

1984ರಲ್ಲಿ ತುಮಕೂರು ಜಿಲ್ಲೆಯ ಒಂದು ಉಪಕೇಂದ್ರಕ್ಕೆ ನೇಮಕವಾದೆ. ಆ ಊರಿನಲ್ಲಿ ನನಗಿಂತ ಮೊದಲೇ ಒಬ್ಬ ಸೂಲಗಿತ್ತಿ ಅಜ್ಜಿ ಇದ್ದರು. 1977ರ ಗ್ರಾಮೀಣ ಆರೋಗ್ಯ ಯೋಜನೆಯಡಿ ಸೂಲಗಿತ್ತಿಯರಿಗೆ ಕೊಡುತ್ತಿದ್ದ ಒಂದು ತಿಂಗಳ ತರಬೇತಿ ಅವರಿಗೂ ಆಗಿತ್ತು. ಬ್ಲೇಡು, ದಾರ, ಸೋಪು ಇಟ್ಟುಕೊಳ್ಳುವ ತಗಡಿನ ಪೆಟ್ಟಿಗೆ ಮನೆಯ ಗೂಡಿನಲ್ಲಿತ್ತು. ಕುಡುಗೋಲಿನಿಂದ ಹೊಕ್ಕುಳಬಳ್ಳಿ ಕೊಯ್ದು ಬೂದಿ ಹಚ್ಚಿದ ಮನೆಗಳಲ್ಲಿ ಎಳೆಗೂಸುಗಳು ವಾರದೊಳಗೆ ದವಡೆ ಕಚ್ಚಿಕೊಂಡು ಧನುರ್ವಾಯುವಿನಿಂದ ಹೋಗುತ್ತಿದ್ದುದನ್ನು ಕಣ್ಣಾರೆ ಕಂಡಿದ್ದ ಅವರು ಹೊಸ ಬ್ಲೇಡನ್ನು ಬಹಳ ಬೇಗ ಒಪ್ಪಿಕೊಂಡಿದ್ದರು. ಬಸುರಿಯರಿಗೆ ಧನುರ್ವಾಯು ತಡೆಯುವ ಟಿ.ಟಿ. ಚುಚ್ಚುಮದ್ದು ಹಾಕಿಸಲು ನನಗಿಂತ ಮುಂದಾಗಿ ಮನೆ ಮನೆಗೆ ಹೋಗುತ್ತಿದ್ದವರೂ ಅವರೇ. ಭಾರತದಲ್ಲಿ ತಾಯಿ ಮತ್ತು ನವಜಾತ ಶಿಶುಗಳ ಧನುರ್ವಾಯು ನಿರ್ಮೂಲನವಾಗಿದೆಯೆಂದು 2015ರಲ್ಲಿ ಘೋಷಣೆಯಾದಾಗ ನನಗೆ ಮೊದಲು ನೆನಪಾದದ್ದು ಆ ತಗಡಿನ ಪೆಟ್ಟಿಗೆ.

ಅಜ್ಜಿ ಹೆರಿಗೆ ಹೆಂಗಸನ್ನು ಮಲಗಿಸುತ್ತಿರಲಿಲ್ಲ. ನಡುಮನೆಯಲ್ಲಿ ಓಡಾಡಿಸುವುದು, ತೊಲೆಗೆ ಕಟ್ಟಿದ ಹಗ್ಗ ಹಿಡಿದು ಕುಕ್ಕರಗಾಲಲ್ಲಿ ಕೂರಿಸುವುದು, ಸೊಂಟಕ್ಕೆ ಹರಳೆಣ್ಣೆ ತಿಕ್ಕಿ ಬಿಸಿನೀರು ಹುಯ್ಯುವುದು, ಇಷ್ಟೇ ಅವರ ವಿದ್ಯೆ. ಮಂಚದ ಮೇಲೆ ಅಂಗಾತ ಮಲಗಿಸಿ ಹೆರಿಗೆ ಮಾಡಿಸಲು ಕಲಿತು ಬಂದಿದ್ದ ನಾನು ಇದನ್ನು ಆಕ್ಷೇಪಿಸುತ್ತಿದ್ದೆ. ಹೆರುವವಳು ತನಗೆ ಒಗ್ಗುವ ಭಂಗಿಯಲ್ಲಿ ಇರಲಿ, ಬೇಕಾದವರೊಬ್ಬರು ಪಕ್ಕದಲ್ಲಿರಲಿ ಎಂದು ವಿಶ್ವ ಆರೋಗ್ಯ ಸಂಸ್ಥೆಯೇ 2018ರಲ್ಲಿ ಹೇಳಿತು. ಅದೇ ವರ್ಷ ನಮ್ಮ ಜಿಲ್ಲೆಯ ಪಾವಗಡದ ಸೂಲಗಿತ್ತಿ ನರಸಮ್ಮನವರಿಗೆ ಪದ್ಮಶ್ರೀ ಬಂದಾಗ, ಈ ಅಜ್ಜಿಯೂ ಇದ್ದಿದ್ದರೆ ಎಷ್ಟು ಸಂತೋಷಪಡುತ್ತಿದ್ದರೋ ಎಂದುಕೊಂಡೆ. ಹೊಟ್ಟೆಯನ್ನು ಮೇಲಿನಿಂದ ಅದುಮುವ ಅವರ ಅಭ್ಯಾಸವನ್ನು ಮಾತ್ರ ನಾನು ಕೊನೆಗೂ ಬಿಡಿಸಿದೆ. ಗರ್ಭಕೋಶ ಹರಿಯುವ ಅಪಾಯ ಅದರಲ್ಲಿತ್ತು.

1991ರ ಒಂದು ಹೆರಿಗೆಯ ವಿಷಯ ಇಲ್ಲಿ ಬರೆಯಲೇಬೇಕು. ಚೊಚ್ಚಲ ಬಸುರಿ. ಬೆಳಿಗ್ಗೆ 11 ಗಂಟೆಗೆ ನಾನು ನೋಡಿದಾಗ ಗರ್ಭಕೋಶದ ಬಾಯಿ 4 ಸೆಂಟಿಮೀಟರ್ ತೆರೆದಿತ್ತು. ಮಧ್ಯಾಹ್ನ 3ಕ್ಕೆ 6. ಅಜ್ಜಿ, "ಚೊಚ್ಚಲು ಅಲ್ವೇನವ್ವ, ಕಾಯೋಣ" ಎಂದರು. ನಾನೂ ಹೌದೆಂದೆ. ಮಗುವಿನ ಎದೆಬಡಿತ ಚೆನ್ನಾಗಿ ಕೇಳುತ್ತಿತ್ತು. ಸಂಜೆ 7ಕ್ಕೂ 6, ರಾತ್ರಿ 11ಕ್ಕೆ 7. ಮಧ್ಯರಾತ್ರಿ ಕಳೆದ ಮೇಲೆ ಬಡಿತ 100ಕ್ಕೆ ಇಳಿಯಿತು. 2 ಗಂಟೆಗೆ ಟ್ರ್ಯಾಕ್ಟರಿನಲ್ಲಿ ಹುಲ್ಲು ಹಾಸಿ, ಮೇಲೆ ಕಂಬಳಿ ಹಾಕಿ, ಅವಳನ್ನು ಮಲಗಿಸಿಕೊಂಡು ಹೊರಟೆವು. ದಾರಿಯಲ್ಲಿ ನಿಲ್ಲಿಸಿ ಕೊಳವೆಯಿಟ್ಟು ಕೇಳಿದೆ, ಮತ್ತೆ ಕೇಳಿದೆ. ಮೊದಲು ಹೋದ ಆಸ್ಪತ್ರೆಯಲ್ಲಿ ಅರಿವಳಿಕೆ ಕೊಡುವವರಿರಲಿಲ್ಲ. ಎರಡನೆಯ ಆಸ್ಪತ್ರೆಯಲ್ಲಿ ಬೆಳಗಿನ ಜಾವ ಶಸ್ತ್ರಚಿಕಿತ್ಸೆಯಾಯಿತು. ತಾಯಿ ಉಳಿದಳು, ಮಗು ಉಳಿಯಲಿಲ್ಲ. ಅಜ್ಜಿ ಆಸ್ಪತ್ರೆಯ ಜಗುಲಿಯಲ್ಲಿ ಕೂತು ತನ್ನ ಎರಡೂ ಅಂಗೈಗಳನ್ನು ನೋಡಿಕೊಳ್ಳುತ್ತಿದ್ದರು.

2008ರಲ್ಲಿ, ಕೂದಲು ಬೆಳ್ಳಗಾಗಲು ತೊಡಗಿದ ವಯಸ್ಸಿನಲ್ಲಿ, ನುರಿತ ಪ್ರಸವ ಸಹಾಯಕಿಯರ 21 ದಿನಗಳ ತರಬೇತಿಗೆ ನನ್ನನ್ನು ಕಳುಹಿಸಿದರು. ಹೆರಿಗೆಯಾದೊಡನೆ ರಕ್ತಸ್ರಾವ ತಡೆಯಲು ಆಕ್ಸಿಟೋಸಿನ್ 10 ಯೂನಿಟ್ ಚುಚ್ಚುವುದು, ಗರ್ಭನಂಜು ಏರಿ ಫಿಟ್ಸ್ ಬಂದವಳಿಗೆ ಮೆಗ್ನೀಸಿಯಂ ಸಲ್ಫೇಟಿನ ಮೊದಲ ಡೋಸು ಕೊಟ್ಟು ಕಳುಹಿಸುವುದು, ಇವನ್ನೆಲ್ಲ ನಮ್ಮ ಕೈಯಲ್ಲೇ ಮಾಡಿಸಿ ಕಲಿಸಿದರು. ಗರ್ಭಕೋಶದ ಬಾಯಿ ಎಷ್ಟು ತೆರೆದಿದೆಯೆಂದು ಗಂಟೆಗಳ ಲೆಕ್ಕದಲ್ಲಿ ಗುರುತಿಸುವ ಪಾರ್ಟೋಗ್ರಾಫ್ ಎಂಬ ಹಾಳೆಯನ್ನು ನಾನು ಸರಿಯಾಗಿ ಬರೆಯಲು ಕಲಿತದ್ದೂ ಅಲ್ಲೇ. ಆಫ್ರಿಕಾದಲ್ಲಿ, ಆಗಿನ ರೊಡೇಷ್ಯಾದಲ್ಲಿ, ಫಿಲ್‌ಪಾಟ್ ಮತ್ತು ಕ್ಯಾಸಲ್ ಎಂಬ ವೈದ್ಯರು 1972ರಲ್ಲಿ ಅದರಲ್ಲಿ ಎರಡು ಓರೆಗೆರೆಗಳನ್ನು ಎಳೆದರು. ದೂರದ ಕೇಂದ್ರಗಳಲ್ಲಿ ಒಂಟಿಯಾಗಿ ಹೆರಿಗೆ ಮಾಡಿಸುವ ನಮ್ಮಂಥವರಿಗೆ ಯಾವಾಗ ದೊಡ್ಡಾಸ್ಪತ್ರೆಗೆ ಕಳುಹಿಸಬೇಕೆಂಬುದು ಕಣ್ಣಿಗೆ ಕಾಣಲಿ ಎಂಬುದೇ ಅವರ ಉದ್ದೇಶ. ಗಂಟೆಗೆ ಒಂದು ಸೆಂಟಿಮೀಟರಿನಂತೆ ಏರುವ ಮೊದಲ ಗೆರೆ ದಾಟಿದರೆ ಎಚ್ಚರ. ಅದರಿಂದ 4 ಗಂಟೆ ಬಲಕ್ಕಿರುವ ಎರಡನೆಯದನ್ನು ಮುಟ್ಟಿದರೆ ಇನ್ನು ಕಾಯುವಂತಿಲ್ಲ.

ಅಭ್ಯಾಸಕ್ಕೆಂದು ಖಾಲಿ ಹಾಳೆಗಳನ್ನು ಕೊಟ್ಟಿದ್ದರು. ಆ ರಾತ್ರಿ ಹಾಸ್ಟೆಲಿನಲ್ಲಿ ಕೂತು, ನೆನಪಿನಿಂದ ಎಂದೂ ಅಳಿಯದ, 1991ರ ಆ ಹೆರಿಗೆಯ ನಾಲ್ಕು ಅಂಕಿಗಳನ್ನು ಒಂದು ಹಾಳೆಯ ಮೇಲೆ ಗುರುತಿಸಿದೆ. ಮಧ್ಯಾಹ್ನ 3ಕ್ಕೇ ಗುರುತು ಮೊದಲ ಗೆರೆಯ ಬಲಕ್ಕೆ ಬಂದಿತ್ತು. ಸಂಜೆ 5ಕ್ಕೆ ಎರಡನೆಯದನ್ನೂ ಮುಟ್ಟಿತ್ತು. ನಾವು ಹೊರಟದ್ದು ಅದಾದ 9 ಗಂಟೆಗಳ ಮೇಲೆ.

ಈಗ ಆ ಗೆರೆಗಳೂ ಬದಲಾಗಿವೆ. ಗಂಟೆಗೊಂದು ಸೆಂಟಿಮೀಟರಿನ ಲೆಕ್ಕ ಎಲ್ಲ ಹೆಂಗಸರಿಗೂ ಹೊಂದುವುದಿಲ್ಲವೆಂದು ಕಂಡುಕೊಂಡು, 2020ರಲ್ಲಿ ಬಂದ ವಿಶ್ವ ಆರೋಗ್ಯ ಸಂಸ್ಥೆಯ ಹೊಸ ಹಾಳೆ, ಲೇಬರ್ ಕೇರ್ ಗೈಡ್, 5 ಸೆಂಟಿಮೀಟರಿನಿಂದ ಎಣಿಕೆ ಶುರುಮಾಡಿ, ಒಂದೊಂದು ಹಂತಕ್ಕೂ ಬೇರೆ ಬೇರೆ ಅವಧಿ ಕೊಟ್ಟಿದೆ. ಬೇಡದ ಸಿಸೇರಿಯನ್ ಹೆಚ್ಚುತ್ತಿರುವ ಕಾಲದಲ್ಲಿ ಇದು ಒಳ್ಳೆಯದೆಂದೇ ನನ್ನ ಅಭಿಪ್ರಾಯ. 6 ಸೆಂಟಿಮೀಟರಿನಲ್ಲಿ 5 ಗಂಟೆ ನಿಂತರೆ ಎಚ್ಚರಿಕೆ ಎನ್ನುತ್ತದೆ ಅದು. ಅದರ ಪ್ರಕಾರ ನೋಡಿದರೂ ಅವಳನ್ನು ರಾತ್ರಿ 8ಕ್ಕೆ ಕಳುಹಿಸಬೇಕಿತ್ತು.

ಕರ್ನಾಟಕದಲ್ಲಿ ಒಂದು ಲಕ್ಷ ಜೀವಂತ ಜನನಗಳಿಗೆ ಸಾಯುವ ತಾಯಂದಿರ ಸಂಖ್ಯೆ 2001–03ರಲ್ಲಿ 228 ಇದ್ದದ್ದು 2018–20ರ ಹೊತ್ತಿಗೆ 69ಕ್ಕೆ ಇಳಿದಿದೆ. ಆಂಬುಲೆನ್ಸು, ರಕ್ತನಿಧಿ, ಆಸ್ಪತ್ರೆ ಹೆರಿಗೆ, ಆಶಾ ಕಾರ್ಯಕರ್ತೆಯರು, ಎಲ್ಲರ ಪಾಲೂ ಅದರಲ್ಲಿದೆ. ನಮ್ಮ ಕೇಂದ್ರದಿಂದ ಹೊರಟು ಹಳ್ಳಿಗಳಲ್ಲಿ ರಾತ್ರಿಗಳನ್ನು ಕಳೆದ ಹುಡುಗಿಯರದೂ ಇದೆಯೆಂದು ನಾನು ಹೆಮ್ಮೆಯಿಂದ ಹೇಳುತ್ತೇನೆ.

ಈ ಸಂಚಿಕೆಗೆ ಬರೆಯಲು ಪತ್ರ ಬಂದಾಗ ನನ್ನ ಟ್ರಂಕು ತೆಗೆದೆ. ಮೇಡಂ ಸಹಿ ಹಾಕಿದ ಕೇಸ್ ಬುಕ್ಕು, ಬಾಯಿಯ ಬಳಿ ನಗ್ಗಿದ ಫೀಟೋಸ್ಕೋಪು, ಎರಡನ್ನೂ ಕೇಂದ್ರದ ಪ್ರಯೋಗ ಕೊಠಡಿಗೆ ಕಳುಹಿಸುತ್ತಿದ್ದೇನೆ. ಕೇಸ್ ಬುಕ್ಕಿನ ಕೊನೆಯ ಪುಟದಲ್ಲಿ ಮಡಿಸಿಟ್ಟ ಒಂದು ಹಾಳೆ ಸಿಗುತ್ತದೆ. ಹೆಸರಿನ ಜಾಗ ಖಾಲಿ ಬಿಟ್ಟಿದ್ದೇನೆ. ಪಾರ್ಟೋಗ್ರಾಫ್ ಪಾಠದ ದಿನ ಅದನ್ನು ಬಿಡಿಸಿ ವಿದ್ಯಾರ್ಥಿನಿಯರ ಮುಂದಿಟ್ಟು, ಎಷ್ಟು ಗಂಟೆಗೆ ಹೊರಡಬೇಕಿತ್ತೆಂದು ಅವರನ್ನೇ ಕೇಳಬೇಕೆಂದು ಈಗಿನ ಟ್ಯೂಟರ್ ಅವರಲ್ಲಿ ನನ್ನ ವಿನಂತಿ.