ಕೊಟ್ಟಿಗೆಗೆ ಬಂದ ತಕ್ಕಡಿ

ಕಳೆದ ಬೇಸಿಗೆಯಲ್ಲಿ ವಿಜಯಪುರದಿಂದ ಬಂದ ಅಣ್ಣ ನಮ್ಮ ಕೊಟ್ಟಿಗೆಗೆ ಕಾಲಿಟ್ಟವನೇ ಮೂಗಿಗೆ ಟವೆಲ್ ಹಿಡಿದ. "ಏನು ತಂಗಿ, ಕಣ್ಣು ಉರಿಯುತ್ತಿವೆಯಲ್ಲ!" ಸಗಣಿ ಬಾಚಿ ನೆಲ ತೊಳೆದು ಹೆಚ್ಚು ಹೊತ್ತಾಗಿರಲಿಲ್ಲ. ಪುಣೆಯ ಪಕ್ಕದ ಉರುಳಿ ಕಾಂಚನಕ್ಕೆ ಸೊಸೆಯಾಗಿ ಬಂದು ಇಪ್ಪತ್ತು ವರ್ಷ ನಾಲ್ಕು ಹಸು ಸಾಕಿದವಳಿಗೆ ಇದು ಅವಮಾನವೇ.

ಕಾರಣ ಕೇಳಲು ಕರೆಸಿದ ಪಶುವೈದ್ಯರು ನೆಲವನ್ನು ನೋಡಲೇ ಇಲ್ಲ. ಶೇಂಗಾ ಹಿಂಡಿಯ ಚೀಲ ನೋಡಿ, ದಿನಕ್ಕೆ ಎಷ್ಟು ಹಾಕುತ್ತೀರಿ ಎಂದು ಕೇಳಿದರು. ನನ್ನ ಅಳತೆ ಬುಟ್ಟಿ, ಕೈ ಧಾರಾಳ. ಹೊಟ್ಟೆಯ ಸೂಕ್ಷ್ಮಜೀವಿಗಳಿಗೆ ಬೇಕಾದುದಕ್ಕಿಂತ ಹೆಚ್ಚಿನ ಪ್ರೋಟೀನ್ ಯೂರಿಯಾ ಆಗಿ ಗಂಜಲದಲ್ಲಿ ಹೋಗುತ್ತದಂತೆ. ಗಂಜಲಕ್ಕೆ ಸಗಣಿ ಬೆರೆತರೆ ಅದೇ ಕಣ್ಣುರಿಸುವ ಅಮೋನಿಯಾ ಅನಿಲ. ಅಣ್ಣನ ಕಣ್ಣು ಉರಿಸಿದ್ದು ನಾನು ಚೀಲಗಟ್ಟಲೆ ದುಡ್ಡು ಸುರಿದು ತಂದ ಹಿಂಡಿಯೇ!

ಮರುದಿನವೇ ತಕ್ಕಡಿ ಬಂತು. ಈಗ ಎರಡೂವರೆ ಲೀಟರ್ ಹಾಲಿಗೆ ಒಂದು ಕಿಲೋ ದಾಣಿ (ಹಿಂಡಿ, ಬೂಸಾ, ಕಾಳಿನ ಮಿಶ್ರಣ), ಹಸುವಿನ ಮೈ ಕಾಯಲು ಮೇಲೊಂದು ಕಿಲೋ, ದಿನಕ್ಕೆ 50 ಗ್ರಾಂ ಖನಿಜ ಮಿಶ್ರಣ. ಕಬ್ಬು ಕಡಿಯುವ ತಿಂಗಳುಗಳಲ್ಲಿ ಅಗ್ಗಕ್ಕೆ ಸಿಗುವ ವಾಡೆಯನ್ನೇ, ಅಂದರೆ ಕಬ್ಬಿನ ತುದಿಯ ಹಸಿರು ಸೋಗೆಯನ್ನೇ, ತುಂಬುತ್ತಿದ್ದೆ. ಅದರಲ್ಲಿನ ಆಕ್ಸಲೇಟ್ ಎಂಬ ಅಂಶ ಹಸುವಿಗೆ ಕ್ಯಾಲ್ಸಿಯಂ ದಕ್ಕಲು ಬಿಡುವುದಿಲ್ಲ. ಅದನ್ನು ಇಳಿಸಿ ನೇಪಿಯರ್ ಹುಲ್ಲು, ಕುದುರೆ ಮಸಾಲೆ (ಲೂಸರ್ನ್) ಸೊಪ್ಪು ಹೆಚ್ಚಿಸಿದೆ. ಮೇವಿನ ಸಂಶೋಧನೆ ಮಾಡುವ ಬೈಫ್ ಸಂಸ್ಥೆ 1967ರಲ್ಲಿ ಹುಟ್ಟಿದ್ದು ಈ ಊರಿನಲ್ಲೇ. ದೀಪದ ಬುಡ ಕತ್ತಲೆ ಎಂದರೆ ನನ್ನದೇ.

ಹಸುವಿನ ತೇಗಿನಲ್ಲಿ ಹೊರಬಂದು ಭೂಮಿಯ ಬಿಸಿ ಏರಿಸುವ ಮೀಥೇನ್ ಅನಿಲದ ಬಗ್ಗೆ ಮಗಳು ಪಾಠ ಹೇಳುತ್ತಾಳೆ. ಬರೀ ಒಣ ಕಣಕಿ (ಜೋಳದ ದಂಟು) ತಿಂದು ಕಡಿಮೆ ಕರೆಯುವ ಹಸು ಪ್ರತಿ ಲೀಟರ್ ಹಾಲಿನ ಲೆಕ್ಕದಲ್ಲಿ ಹೆಚ್ಚು ಮೀಥೇನ್ ಬಿಡುತ್ತದೆ. ಅದು ಮೇವಿನ ಶಕ್ತಿಯೇ ಗಾಳಿಗೆ ಹೋದಂತೆ. ಬೆಂಗಳೂರಿನ ಪಶು ಪೋಷಣೆ ಸಂಸ್ಥೆಯ ವಿಜ್ಞಾನಿಗಳು ಟ್ಯಾನಿನ್ ಎಂಬ ಒಗರು ಅಂಶ ಇರುವ ಗಿಡಗಳಿಂದ ‘ಹರಿತ ಧಾರಾ’ ಎಂಬ ಮೇವಿನ ಪೂರಕ ಮಾಡಿದ್ದಾರೆ, ಶೇಕಡಾ 17ರಿಂದ 20ರಷ್ಟು ಮೀಥೇನ್ ಇಳಿಯುತ್ತದೆ ಎನ್ನುತ್ತಾರೆ. ಇರಲಿ. ಮೊನ್ನೆಯವರೆಗೆ ತಕ್ಕಡಿಯೇ ಇಲ್ಲದಿದ್ದ ಕೊಟ್ಟಿಗೆಗೆ ಆ ಪುಡಿ ತಂದಿದ್ದರೂ ಏನು ಮಾಡುತ್ತಿದ್ದೆ?

ಹಾಲು ಹೇಳಿಕೊಳ್ಳುವಷ್ಟು ಏರಲಿಲ್ಲ. ಹಿಂಡಿಯ ಚೀಲ ಮಾತ್ರ ಮೊದಲಿಗಿಂತ ಒಂದು ವಾರ ಹೆಚ್ಚು ಬರುತ್ತಿದೆ, ಕಣ್ಣುರಿಯೂ ಇಲ್ಲ. ತಕರಾರು ನಮ್ಮ ಹಸು ಗೌರಿಯದು: ಕಣಕಿಯನ್ನು ಮೂತಿಯಿಂದ ಬದಿಗೆ ತಳ್ಳಿ ನೇಪಿಯರ್ ಆರಿಸಿಕೊಳ್ಳುತ್ತಾಳೆ. ಹಾಗಾಗಿ ಈಗ ಎರಡನ್ನೂ ಕೂಡಿಸಿ ಸಣ್ಣಗೆ ಕತ್ತರಿಸುತ್ತೇನೆ.